ಒಗ್ಗರಣೆಗೆ ಓಡಿದ ಹಿಂಡು

ಆಗೆಲ್ಲ ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ರಜೆ ಅಂದರೆ ಒಂದೋ ಯೊಸೆಮಿಟಿಯ ಬೆಟ್ಟ ಕಾಡು, ಇಲ್ಲವೇ ಯಾರದೋ ಮನೆಯ ಸತ್ಯನಾರಾಯಣ ಪೂಜೆ. ಎಂಬತ್ತರ ದಶಕದ ಒಂದು ಆಗಸ್ಟಿನಲ್ಲಿ ಮಾತ್ರ, ಈರುಳ್ಳಿ ಹೆಚ್ಚುವುದಕ್ಕೂ ವಾರ ನೋಡುವ ನಮ್ಮ ಮೈಸೂರಿನ ಸಂಸಾರ ಬೇಟೆಗೆ ಹೊರಟಿತು. ಅದೂ ಅಲಾಸ್ಕಾಕ್ಕೆ.

ಕಾರಣ ಪಕ್ಕದ ಮನೆಯ ವಾಲ್ಟ್ ತಾತ. ಅವರು ಪ್ರತಿ ವರ್ಷ ಹೆಂಡತಿಯ ಜೊತೆ ಅಲ್ಲಿಗೆ ಹೋಗಿ ಕ್ಯಾರಿಬೂ ಎಂಬ ಹಿಮಸಾರಂಗ ಹೊಡೆದು ತರುತ್ತಿದ್ದರು. ಈಗ ಹೆಂಡತಿ ಇರಲಿಲ್ಲ, ಮಂಡಿ ಕೈಕೊಟ್ಟಿತ್ತು. "ಇದೇ ಕೊನೆಯ ಸಲ, ಜೊತೆಗೆ ಬನ್ನಿ" ಎಂದು ಅವರು ಕರೆದಾಗ ಅಪ್ಪ ಹೂಂ ಅಂದುಬಿಟ್ಟರು.

"ಸಾಯ್ಸೋದು ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ರೀ?" ಎಂದಳು ಅಮ್ಮ.

"ಅವರ ಪಾಡಿಗೆ ಅವರು ಹೊಡೀತಾರೆ ಕಣೇ. ನಾವು ಫೋಟೋ ತೆಗೆಯೋಣ."

ಪುಟ್ಟ ವಿಮಾನ ನಮ್ಮನ್ನು ಒಂದು ಕೆರೆಯ ಪಕ್ಕ ಇಳಿಸಿ ಹೋಯಿತು. ಆರನೇ ದಿನ ಬೆಳಿಗ್ಗೆ ವಾಪಸು ಬರುತ್ತದಂತೆ. ಮರವಿಲ್ಲ, ಮನೆಯಿಲ್ಲ. ಒದ್ದೆ ಪಾಚಿಯ ವಾಸನೆ, ಜಿಟಿಜಿಟಿ ಮಳೆ, ಗುಬ್ಬಚ್ಚಿ ಗಾತ್ರದ ಸೊಳ್ಳೆಗಳು. ವಾಲ್ಟ್ ತಾತ ಟೆಂಟಿನ ಕೋಲಿಗೆ ಕೆಂಪು ದಾರ ಕಟ್ಟಿ, ಹತ್ತು ವರ್ಷದ ನನ್ನನ್ನು ಗಾಳಿ ಅಧಿಕಾರಿಯಾಗಿ ನೇಮಿಸಿದರು. ದಾರ ಕಣಿವೆಯ ಕಡೆ ಹಾರುತ್ತಿದ್ದರೆ ಸ್ಟವ್ ಹಚ್ಚುವಂತಿಲ್ಲ, ಕಾಫಿಯೂ ಇಲ್ಲ. ಹಿಂಡು ಕಣಿವೆಯಲ್ಲೇ ಹಾದುಹೋಗುವುದು, ಅದರ ಮೂಗು ಬಲು ಚುರುಕು.

ಹಾಳು ದಾರ ನಾಲ್ಕು ದಿನವೂ ಕಣಿವೆಯ ಕಡೆಗೇ ಹಾರಿತು. ತಾತ ಮತ್ತು ಅಪ್ಪ ಬೆಳಿಗ್ಗೆಯೇ ಕಣಿವೆ ದಾಟಿ ಆಚೆಯ ಬಂಡೆಗಳ ಹಿಂದೆ ಮಲಗುತ್ತಿದ್ದರು. ನಾನೂ ಅಮ್ಮನೂ ಟೆಂಟಿನಲ್ಲಿ ಕೂತು ತಣ್ಣನೆಯ ಬ್ರೆಡ್ಡು, ಪೀನಟ್ ಬಟರ್ ತಿನ್ನುತ್ತಿದ್ದೆವು. ತಂದಿದ್ದ ಒಂದೇ ಒಂದು ಇಸ್ಪೀಟು ಕಟ್ಟಿನಲ್ಲಿ ಅಮ್ಮನಿಗೆ ಎಪ್ಪತ್ತು ಸಲ ಸೋತೆ. ಕ್ಯಾರಿಬೂ ಹೋಗಲಿ, ಒಂದು ಮೊಲವೂ ಬರಲಿಲ್ಲ.

ಐದನೇ ದಿನ ನನ್ನ ತಾಳ್ಮೆ ಸತ್ತಿತು.

"ಅಮ್ಮಾ, ಐ ವಾಂಟ್ ಚಿತ್ರಾನ್ನ."

"ನಂಗೇನು ಬೇಡ್ವಾ? ಮೊದ್ಲು ದಾರ ನೋಡ್ಕೊಂಡು ಬಾ."

ಹೊರಗೆ ಹೋಗಿ ನೋಡಿದೆ. ದಾರ ನೆಟ್ಟಗೆ ಕಣಿವೆಗೆ ಬೆರಳು ತೋರಿಸಿದ ಹಾಗೆ ಹಾರುತ್ತಿತ್ತು. ನಾಲ್ಕು ದಿನ ಬರದ ಹಿಂಡು ಇವತ್ತೇ ಬರುತ್ತದೆಯೇ?

"ಇಟ್ಸ್ ಫೈನ್ ಅಮ್ಮಾ. ಈ ಕಡೆಗೇ ಇದೆ."

ಅನ್ನವಾಯಿತು. ಅಮ್ಮ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ, ಊರಿಂದ ತಂದ ಇಂಗು ಹಾಕಿದಳು. ಘಾಟಿಗೆ ನಾನೇ ಕೆಮ್ಮುತ್ತಾ ಹೊರಗೆ ಓಡಿಬಂದೆ. ಆಗ ಕಂಡಿತು. ಕಣಿವೆಯ ತುದಿಯಿಂದ ಇಡೀ ಗುಡ್ಡವೇ ಕೊಂಬು ಮುಡಿದು ನಡೆದುಬರುವ ಹಾಗೆ, ಸಾಲುಸಾಲಾಗಿ ಕ್ಯಾರಿಬೂ. ಬಂಡೆಯ ಹತ್ತಿರ ಬರಲು ಇನ್ನೊಂದು ಐದು ನಿಮಿಷ ಸಾಕಿತ್ತು. ಎಲ್ಲಕ್ಕೂ ಮುಂದಿದ್ದುದು ತಲೆ ಎತ್ತಿ ಮೂಗು ಅರಳಿಸಿತು. ಹಿಂಡಿಗೆ ಹಿಂಡೇ ತಿರುಗಿ ಗುಡ್ಡದ ಆಚೆ ಇಳಿದುಹೋಯಿತು. ಗುಂಡಿನ ಸದ್ದೇ ಕೇಳಲಿಲ್ಲ.

ಇಬ್ಬರೂ ವಾಪಸು ಬರುವಷ್ಟರಲ್ಲಿ ಸಂಜೆಯಾಗಿತ್ತು. ತಾತ ಕುಂಟುತ್ತಿದ್ದರು. ಅಪ್ಪ ಗಾಳಿ ಮೂಸಿ ನೋಡಿದರು.

"ಇಂಗು ಹಾಕಿದ್ಯೇನೇ?"

"ಗಾಳಿ ನೋಡಿಸೇ ಹಾಕಿದ್ದು. ಕೇಳಿ ಇವಳನ್ನ."

ತಾತ ಮಂಡಿ ಹಿಡಿದು ಬಕೆಟ್ಟಿನ ಮೇಲೆ ಕೂತರು. ದಾರ ಯಾವ ಕಡೆ ಇತ್ತು ಮಗೂ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ನಾನು ನನ್ನ ಶೂ ನೋಡುತ್ತಾ, "ಟೆಂಟ್ ಕಡೆ" ಎಂದೆ.

"ಹಾಗಾದರೆ ಆಮೇಲೆ ಗಾಳಿ ತಿರುಗಿರಬೇಕು" ಎಂದರು ತಾತ. ಆಮೇಲೆ ತಟ್ಟೆ ಕೇಳಿ ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡೇ ತಿಂದರು. ಮೆಣಸಿನಕಾಯಿ ಖಾರ ಎಂದು ಅಮ್ಮ ಸಕ್ಕರೆ ಕೊಟ್ಟಳು. ನಾನು ನನ್ನ ಪಾಲನ್ನೂ ತಾತನ ತಟ್ಟೆಗೇ ಬಡಿಸಿದೆ.

ಮರುದಿನ ಬೆಳಿಗ್ಗೆ ವಿಮಾನ ಬಂತು. ತಾತ ಮತ್ತೆ ಉತ್ತರಕ್ಕೆ ಹೋಗಲೇ ಇಲ್ಲ. ಆಮೇಲೆ ಆರು ವರ್ಷ ಬದುಕಿದ್ದರು. ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿ ಅಲಾಸ್ಕಾದ ಗಾಳಿಯನ್ನು ಚೆನ್ನಾಗಿ ಬೈಯುತ್ತಿದ್ದರು. ಪಕ್ಕದಲ್ಲೇ ಕೂತ ನಾನು ಪ್ರತಿ ಸಲವೂ ತಲೆಯಾಡಿಸಿ ಗಾಳಿಯ ವಿರುದ್ಧ ಸಾಕ್ಷಿ ಹೇಳುತ್ತಿದ್ದೆ. ಈಗ ನಿಜ ಹೇಳುವ ಧೈರ್ಯವಿದೆ. ನನ್ನನ್ನು ಬೈಯಬೇಕಾದವರೇ ಇಲ್ಲ.