ನಾಲ್ಕು ದಿನದ ಸುಳ್ಳು ಬಿಸಿಲು

ಮೊನ್ನೆ ಸಾಲ್ಟ್ ಲೇಕಿನ ಬಾಡಿಗೆ ಮನೆಯಲ್ಲಿ ನನ್ನ ಜೊತೆ ಇರುವವನು ದೇವರಿಗೆ ಹಚ್ಚಿದ ಊದುಬತ್ತಿ ವಾಲಿಕೊಂಡು ಸಂದೇಶ್ ಮಿಠಾಯಿಯ ಡಬ್ಬಿಯ ರಟ್ಟನ್ನು ಸುಟ್ಟಿತು. ಅವನು ಕಿಟಕಿ ತೆರೆಯಲು ಓಡಿದ. ನಾನು ಆ ವಾಸನೆಯಲ್ಲೇ ಕೂತುಬಿಟ್ಟೆ. ಸುಟ್ಟ ರಟ್ಟು, ಅದರ ಹಿಂದೆ ತೆಳ್ಳಗೆ ಗಂಧ. ಹನ್ನೊಂದರ ವಯಸ್ಸಿನಲ್ಲಿ ನಾನು ಕದ್ದುಮುಚ್ಚಿ ಬಿಸಿಲು ತಯಾರಿಸಿದ್ದು ಇದೇ ವಾಸನೆಯಲ್ಲಿ.

ಆಗ ನಾವಿದ್ದದ್ದು ಇದೇ ಊರಿನ ಬಾಲಿಗಂಜಿನ ಹಳೆಯ ಮನೆಯೊಂದರ ಮೂರನೇ ಮಹಡಿಯಲ್ಲಿ: ಅಪ್ಪ, ಅಮ್ಮ, ನಾನು, ಮತ್ತು ಮೌಶಿ, ಅಂದರೆ ಅಮ್ಮನ ಅಕ್ಕ. ಮೌಶಿ ಧಾರವಾಡದಿಂದ ಬಂದು ಇಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಬಂಗಾಳಿಯನ್ನೂ ಧಾರವಾಡದ ರಾಗದಲ್ಲೇ ಮಾತಾಡುತ್ತಿದ್ದಳು. ತರಕಾರಿಯವನೊಡನೆ ಅವಳು ಮಾಡುವ ಚೌಕಾಸಿಯನ್ನು ನಾನು ಮಾಡಿ ತೋರಿಸಿದರೆ ತರಕಾರಿಯವನೇ ಎರಡು ಹಸಿಮೆಣಸು ಹೆಚ್ಚು ಹಾಕುತ್ತಿದ್ದ. ನನಗೆ ಎಲ್ಲರ ದನಿಯೂ ಬರುತ್ತಿತ್ತು, ನನ್ನದೊಂದನ್ನು ಬಿಟ್ಟು. ತಾರಸಿಯ ಮೇಲೆ ಮೌಶಿಯದೊಂದು ಗಾಜಿನ ಗುಂಡಿತ್ತು. ಅದರ ಹಿಂದಿನ ಸೀಳಿನಲ್ಲಿ ದಿನಕ್ಕೊಂದು ನೀಲಿ ಕಾರ್ಡು ಸಿಕ್ಕಿಸಬೇಕು. ಬಿಸಿಲಿದ್ದಷ್ಟು ಹೊತ್ತು ಗುಂಡು ಕಾರ್ಡಿನ ಮೇಲೆ ಕರಿಗೆರೆ ಸುಡುತ್ತಾ ಹೋಗುತ್ತದೆ, ಮೋಡ ಬಂದರೆ ಗೆರೆ ಕಡಿಯುತ್ತದೆ. ನಾನು ಹುಟ್ಟುವ ಮೊದಲಿನಿಂದಲೂ ಒಂದು ದಿನ ತಪ್ಪದೆ ಆ ಕಾರ್ಡುಗಳನ್ನು ಅವಳು ಕೂಡಿಟ್ಟಿದ್ದಳು. ಸಂಜೆ ನನ್ನನ್ನು ತಾರಸಿಯ ನೆಲದ ಮೇಲೆ ಮಲಗಿಸಿ ಪಾಠ ಹೇಳುವಳು: “ಬಂದ ಬಿಸಲಿನಾಗ ಒಂದ್ ಪಾಲು ಮೋಡನ ಹೊಡದು ವಾಪಸ್ ಕಳಸ್ತದ. ಒಂದ್ ಪಾಲು ಗಾಳಿ ಕುಡೀತದ. ಉಳದದ್ದು ನೆಲ ನುಂಗ್ತದ. ಬೆನ್ನಿಗೆ ಬಿಸಿ ಹತ್ತಿತಿಲ್ಲೋ ಮಂಗ್ಯಾ? ಹಗಲೆಲ್ಲಾ ನುಂಗಿದ್ದನ್ನ ಈಗ ಕೊಡ್ಲಿಕ್ಕತ್ತದ.”

ಒಂದು ಆಷಾಢದಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಅವಳು ಆರು ದಿನ ಪಟ್ನಾಕ್ಕೆ ಹೋದಳು. ಹೋಗುವಾಗ ಆರು ಕಾರ್ಡುಗಳನ್ನು ನನ್ನ ಕೈಗಿಟ್ಟು, “ಸೂರ್ಯ ಮುಳುಗಿದ ಮ್ಯಾಲೆ ಬದಲಿಸು. ಮರೀಬ್ಯಾಡ. ಬಿಸಲು ಸುಳ್ಳು ಹೇಳೂದಿಲ್ಲ, ಹೇಳಾವ್ರು ನಾವ” ಅಂದಳು. ಎರಡು ಸಂಜೆ ಪ್ರಾಮಾಣಿಕವಾಗಿ ಮೆಟ್ಟಿಲು ಹತ್ತಿದೆ. ಮೂರನೆಯ ದಿನ ಮಳೆ ಹಿಡಿಯಿತು, ಬೀದಿಯಲ್ಲಿ ಮೊಣಕಾಲುದ್ದ ನೀರು, ಶಾಲೆಗೆ ರಜೆ. ಕೆಳಗಿನ ಮನೆಯಲ್ಲಿ ಕೇರಂ ಆಡುತ್ತಾ ಗುಂಡನ್ನು ಮರೆತೇಬಿಟ್ಟೆ. ನೆನಪಾದದ್ದು ಅವಳು ಮರಳುವ ದಿನ ಬೆಳಿಗ್ಗೆ. ಸೀಳಿನಲ್ಲಿದ್ದ ಕಾರ್ಡು ನೆನೆದು ಮುದ್ದೆಯಾಗಿತ್ತು, ಕೈಯಲ್ಲಿ ನಾಲ್ಕು ಹೊಸವು ಹಾಗೇ ಉಳಿದಿದ್ದವು. ಖಾಲಿ ಕೊಟ್ಟರೆ ಬದಲಿಸಲೇ ಇಲ್ಲವೆಂದು ತಿಳಿದುಬಿಡುತ್ತಾಳೆ ಎಂದು ನನ್ನ ಮಹಾಬುದ್ಧಿ ಹೇಳಿತು. ದೇವರ ಕೋಣೆಯ ಊದುಬತ್ತಿ ತಂದು, ನಾಲ್ಕು ಕಾರ್ಡಿನ ಮೇಲೂ ಮುಂಜಾನೆಯಿಂದ ಸಂಜೆಯವರೆಗೆ ಅಖಂಡ ಬಿಸಿಲು ಎಳೆದೆ. ಊರು ಮುಳುಗಿದ ದಿನಗಳಿಗೆ ಅಂಥ ಸೂರ್ಯನನ್ನು ದೇವರೂ ಕೊಟ್ಟಿರಲಿಕ್ಕಿಲ್ಲ.

ಮೌಶಿ ಸೀರೆಯ ಅಂಚು ಹಿಂಡುತ್ತಲೇ ಒಳಗೆ ಬಂದಳು. ಚಹಾ ಕುಡಿಯುವ ಮೊದಲೇ ಕಿಟಕಿಯ ಬಳಿ ಕೂತು ಕಾರ್ಡುಗಳನ್ನು ಒಂದೊಂದಾಗಿ ನೋಡಿದಳು. ಒಂದನ್ನು ಮೂಗಿನ ಹತ್ತಿರ ಹಿಡಿದಳು.

“ಗುರುವಾರ ಬಿಸಲಿತ್ತೇನೋ?”

ನಿಜ ಹೇಳಲು ಅಷ್ಟು ಜಾಗ ಸಾಕಿತ್ತು. ನಾನು ಸೊಂಟಕ್ಕೆ ಕೈಕೊಟ್ಟು, ಕನ್ನಡಕ ಏರಿಸುವಂತೆ ಮಾಡಿ, ಅವಳದೇ ದನಿಯಲ್ಲಿ ಹೇಳಿದೆ: “ಬಿಸಲು ಸುಳ್ಳು ಹೇಳೂದಿಲ್ಲ, ಹೇಳಾವ್ರು ನಾವ!”

ಅಡುಗೆಮನೆಯಿಂದ ಅಮ್ಮ ಬಿದ್ದು ಬಿದ್ದು ನಕ್ಕಳು. ಮೌಶಿಯೂ ನಕ್ಕಳು, ಸ್ವಲ್ಪ ತಡವಾಗಿ. ಆ ನಗುವನ್ನು ಎಷ್ಟೋ ಸಲ ಅನುಕರಿಸಲು ನೋಡಿದ್ದೇನೆ, ಬರುವುದಿಲ್ಲ. ಆಮೇಲೆ ಅವಳು ಬೈಯಲಿಲ್ಲ, ಅಮ್ಮನಿಗೆ ಹೇಳಲಿಲ್ಲ, ಸಂಜೆಯ ಪಾಠವನ್ನೂ ನಿಲ್ಲಿಸಲಿಲ್ಲ. ಕಾರ್ಡನ್ನು ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ. ಮಂಡಿನೋವು ಹೆಚ್ಚಾದ ವರ್ಷಗಳಲ್ಲೂ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ತಾನೇ ಹತ್ತುತ್ತಿದ್ದಳು. “ನಾ ಹೋಗ್ತೀನಿ ಮೌಶಿ” ಅಂದರೆ, “ನೀ ಓದಿಕೋ” ಎನ್ನುವಳು. ಆ ಹೆಜ್ಜೆಯ ಸದ್ದನ್ನೂ ನಾನು ಅಣಕಿಸಿ ಎಲ್ಲರನ್ನೂ ನಗಿಸಿದ್ದೇನೆ. ಎಂಥ ಕಲಾವಿದ ನೋಡಿ.

ಮೂರು ವರ್ಷದ ಹಿಂದೆ ಮೌಶಿ ತೀರಿಕೊಂಡಳು. ಮನೆ ಕೆಡವುವವರು ಬರುವ ಮುನ್ನ ಅವಳ ಕಪಾಟು ಖಾಲಿ ಮಾಡಿದವನು ನಾನು. ಆ ಆಷಾಢದ ಲಕೋಟೆಯಲ್ಲಿ ನನ್ನ ನಾಲ್ಕು ಸೂರ್ಯರೂ ಇದ್ದರು, ಹರಿದಿರಲಿಲ್ಲ. ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: “ಈ ನಾಲ್ಕು ದಿನಗಳನ್ನು ಪರಿಗಣಿಸಬಾರದು. ಕಾರ್ಡು ಬದಲಿಸುವ ಕೆಲಸ ನನ್ನದು. ನಾನು ತಪ್ಪಿದೆ.”

ಈಗ ಅಲ್ಲಿ ಗಾಜು ಹೊದ್ದ ಹೊಸ ಕಟ್ಟಡವಿದೆ. ಬಂದ ಬಿಸಿಲನ್ನೆಲ್ಲ ಅದು ಬೀದಿಯವರ ಕಣ್ಣಿಗೇ ವಾಪಸ್ ಎಸೆಯುತ್ತದೆ. ನಾನೂ ಅದೇ ಜಾತಿ. ಯಾರು ಏನೇ ಕೊಟ್ಟರೂ ನಗೆಯಾಗಿ ತಿರುಗಿಸಿ ಬದುಕಿದವನು. ಪೆನ್ಸಿಲಿನ ಆ ಸಾಲೊಂದು ಮಾತ್ರ ಒಳಗಿಳಿದುಬಿಟ್ಟಿದೆ. ಹಗಲು ಗೊತ್ತಾಗುವುದಿಲ್ಲ. ಹೊತ್ತು ಮುಳುಗಿದ ಮೇಲೆ, ಬಾಡಿಗೆ ಮನೆಯ ತಾರಸಿಗೆ ಹೋಗಿ ಸಿಮೆಂಟಿನ ಮೇಲೆ ಬೆನ್ನು ಚಾಚುತ್ತೇನೆ. ನೆಲ ಇನ್ನೂ ಬಿಸಿಯಾಗಿರುತ್ತದೆ.