ಈಬತ್ತಿ ಹಚ್ಚಿಕೊಂಡ ಬೆಕ್ಕುಗಳು

ಇವತ್ತು ಬೆಳಿಗ್ಗೆ ಪೇಪರ್ ಹಿಡಿದು ಕುಳಿತಿದ್ದೆ. ನಮ್ಮ ಕರಿಯವ್ವ ಎಂಬ ಬೆಕ್ಕು ಕಿಟಕಿಯಿಂದ ಇಳಿದು ಬಂದು ನನ್ನ ಗದ್ದಕ್ಕೆ ಮುಖ ಉಜ್ಜಿತು. ಗಪ್ಪೆಂದು ಒಣಮೀನಿನ ವಾಸನೆ! ಬೆಟಗೇರಿಯ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಗಿಂತ ಜೋರಾದದ್ದು ಯಾವುದೂ ಬೇಯುವುದಿಲ್ಲ. ನಾಲ್ಕು ಬೆಕ್ಕುಗಳಿಗೆಂದು ನಾನು ತರುವ ಬಣ್ಣದ ಪಾಕೀಟಿನ ಆಹಾರ ಈಚೆಗೆ ತಟ್ಟೆಯಲ್ಲಿ ಹಾಗೇ ಉಳಿಯುತ್ತಿದ್ದ ಗುಟ್ಟು ಆಗ ತಿಳಿಯಿತು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರದೇ ಕೆಲಸ. ಆ ಪಾಕೀಟಿನ ಬೆಲೆಗೆ ನಮ್ಮ ಗಂಡ-ಹೆಂಡಿರಿಬ್ಬರಿಗೆ ವಾರದ ಕಾಯಿಪಲ್ಯ ಬರುತ್ತದೆ, ನೋಡಿ! ಜಗಳ ಮಾಡಿಯೇ ಬಿಡೋಣವೆಂದು ಚಪ್ಪಲಿ ಮೆಟ್ಟಿದೆ. ಆದರೆ ಆ ವಾಸನೆ ನನ್ನನ್ನು ಎದುರು ಮನೆಗೆ ಬಿಡದೆ ಸೀದಾ ಲಕ್ಷ್ಮೇಶ್ವರಕ್ಕೆ ಎಳೆದುಕೊಂಡು ಹೋಯಿತು.

ಲಕ್ಷ್ಮೇಶ್ವರದಲ್ಲಿ ನನ್ನ ಸೋದರತ್ತೆ ಶಾಂತವ್ವನ ಮನೆ. ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ ನನ್ನ ಊಟ, ವಾಸ ಎಲ್ಲ ಅಲ್ಲೇ. ಮಾಮಾ ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಚೀಲಗಳ ಸಂದಿಯಲ್ಲಿ ಹುಟ್ಟಿದ ಮರಿಗಳನ್ನೆಲ್ಲ ಅತ್ತೆ ಮನೆಗೆ ತರಿಸಿಕೊಂಡು, ಕಡ್ಲಿ, ಹೆಸರು, ಅಲಸಂದಿ ಎಂದು ಕಾಳಿನ ಹೆಸರನ್ನೇ ಇಡುತ್ತಿದ್ದಳು. ಒಟ್ಟು ಒಂಬತ್ತು. ಎಲ್ಲಕ್ಕೂ ಹಿರಿಯಳು ಕಪ್ಪನೆಯ ಗುರೆಳ್ಳು. ಬೆಳಗಾದರೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಹಾಕಬೇಕು, ಒಂದೊಂದಕ್ಕೂ ಬೇರೆ ತೆಂಗಿನ ಪರಟೆಯಲ್ಲಿ ಹಾಕಬೇಕು, ಇಲ್ಲದಿದ್ದರೆ ಕುಸ್ತಿ. ಅವುಗಳ ಮಲಮೂತ್ರಕ್ಕೆಂದು ಹಿತ್ತಲ ಮೂಲೆಯಲ್ಲಿ ಹಾಕಿದ ಬೂದಿ ಬದಲಿಸಬೇಕು, ಬೇವಿನ ನೀರಿನಲ್ಲಿ ಮೈ ಒರೆಸಬೇಕು. ಈ ಕೊನೆಯ ಕೆಲಸಕ್ಕೆ ನಾನೂ ಕೈ ಹಾಕಿ, ಕೈತುಂಬ ಗೀರು ಹೊತ್ತು ಶಾಲೆಗೆ ಹೋಗುತ್ತಿದ್ದೆ.

"ಹಾಲೆಲ್ಲ ಬೆಕ್ಕಿಗೆ, ಕರೇ ಚಾ ನನಗ. ಮುಂದಿನ ಜನ್ಮಕ್ಕ ಇದ ಮನ್ಯಾಗ ಬೆಕ್ಕಾಗಿ ಹುಟ್ತೀನಿ ತಗೋ" ಎಂದು ಮಾಮಾ ಗೊಣಗುತ್ತಿದ್ದರು.

"ಹುಟ್ರಿ. ಆದ್ರ ಇಲಿ ಹಿಡೀಬೇಕಾಗತೈತಿ" ಎಂದು ಅತ್ತೆ ರೊಟ್ಟಿ ತಟ್ಟುತ್ತಲೇ ಹೇಳುತ್ತಿದ್ದಳು.

ಅತ್ತೆಗೆ ಒಂದು ಹೆಮ್ಮೆಯಿತ್ತು. ತನ್ನ ಬೆಕ್ಕುಗಳು ಮಾಂಸ ಮೂಸುವುದಿಲ್ಲ ಎಂದು. ಹಾಗಾದರೆ ಇಲಿ? ಅದು ಅವುಗಳ ಉದ್ಯೋಗ, ಊಟವಲ್ಲ ಎಂಬುದು ಅವಳ ವಾದ. ಸೋಮವಾರ ಪೂಜೆ ಮುಗಿಸಿ ನಮಗೆಲ್ಲ ಈಬತ್ತಿ, ಅಂದರೆ ವಿಭೂತಿ, ಹಚ್ಚಿದ ಮೇಲೆ ಒಂಬತ್ತೂ ಬೆಕ್ಕುಗಳನ್ನು ಹಿಡಿದು ಅವುಗಳ ಹಣೆಗೂ ಹಚ್ಚುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಣೆಯೆಲ್ಲ ಖಾಲಿ. "ಪ್ರಸಾದ ಅಂತ ನೆಕ್ಕೊಂಡಾವ" ಎನ್ನುವಳು. ಒಂಬತ್ತು ಹಣೆ ಒಂದೇ ಹೊತ್ತಿಗೆ ಅಷ್ಟು ಸ್ವಚ್ಛ ಹೇಗಾಗುತ್ತವೆ ಎಂದು ವಿಜ್ಞಾನ ಕಲಿಸುವ ನಾನಾದರೂ ಯೋಚಿಸಬೇಕಿತ್ತು.

ಹಿತ್ತಲ ಗೋಡೆಯ ಆಚೆ ಖಾದರಬೀ ಅವರ ಮನೆ. ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿದುಕೊಡುವವರು. ಗೋಡೆಯ ಮೇಲಿಂದ ಈಚಿನ ಶೇಂಗಾ ಹೋಳಿಗೆ ಆಚೆ ಹೋಗುತ್ತಿತ್ತು, ಆಚಿನ ಸುರಕುಂಬಾ ಪಾಯಸ ಈಚೆ ಬರುತ್ತಿತ್ತು. ಒಮ್ಮೆ ಮುಂಡರಗಿಯಲ್ಲಿದ್ದ ಮಗಳು ಕಾಲು ಮುರಿದುಕೊಂಡಳೆಂದು ಖಾದರಬೀ ಮನೆಗೆ ಬೀಗ ಹಾಕಿ ಹೋದರು.

ಅವರು ಹೋದದ್ದೇ ತಡ, ನಮ್ಮ ಬೆಕ್ಕುಗಳು ಊಟ ಬಿಟ್ಟವು. ಹಾಲು ಹಾಕಿದರೆ ಮೂಸಿ ತಿರುಗುತ್ತಿದ್ದವು. ದನದ ಡಾಕ್ಟರು ಟಾನಿಕ್ ಕೊಟ್ಟರು. ಅತ್ತೆ ಸೋಮೇಶ್ವರನಿಗೆ ಹರಕೆ ಹೊತ್ತಳು. ಆ ಸೋಮವಾರ ಹಚ್ಚಿದ ಈಬತ್ತಿ ಮರುದಿನವೂ ಹಣೆಯ ಮೇಲೆ ಹಾಗೇ ಇತ್ತು. ಗುರೆಳ್ಳಂತೂ ಎದ್ದು ನಿಲ್ಲಲಾರದಷ್ಟು ಸೊರಗಿದಳು. "ಇಕಿ ಉಳಿಯಂಗಿಲ್ಲ ನೋಡೋ" ಎಂದು ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೇಬಿಟ್ಟಳು. ಉಳಿದ ಎಂಟು ಹಿತ್ತಲ ಗೋಡೆಯ ಮೇಲೆ ಸಾಲಾಗಿ ಕುಳಿತು ಖಾದರಬೀ ಅವರ ಅಡುಗೆಮನೆಯ ಬೀಗವನ್ನೇ ನೋಡುತ್ತಿದ್ದವು. ಅದನ್ನು ಕಂಡ ಮಾಮಾ ಮುಂಡರಗಿಗೆ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಬೆಕ್ಕುಗಳ ಅವಸ್ಥೆ ಹೇಳಿಕೊಂಡಳು. ಆ ಕಡೆ ಖಾದರಬೀ ದನಿ ಇಳಿಸಿ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಅವು ದಿನಾ ನಮ್ಮಲ್ಲಿ ಒಣಮೀನ ತಿಂತಿದ್ವು. ಬ್ಯಾಡ ಅಂತ ಓಡಿಸಿದ್ರೂ ಬರ್ತಿದ್ವು. ಆದ್ರ ಖರೆ ಹೇಳ್ತೀನ್ರಿ, ಸೋಮವಾರ ಈಬತ್ತಿ ಇದ್ದಾಗ ಹಂಗ ಹಾಕಿಲ್ಲ. ಮೊದಲ ಹಸಿ ಅರಿವಿಲೆ ಹಣಿ ಒರಸೇ ಹಾಕೀನಿ" ಎಂದರು.

ಪಕ್ಕದಲ್ಲಿ ನಿಂತ ನಮಗೂ ಅದು ಕೇಳಿಸಿತು. ಇಷ್ಟು ವರ್ಷದ ಗೋಡೆಯ ಮೇಲಿನ ಗೆಳೆತನ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅತ್ತೆ ಮಡಿಲಲ್ಲಿದ್ದ ಗುರೆಳ್ಳನ್ನು ನೋಡಿದಳು, ಮೂಗು ಒರೆಸಿಕೊಂಡಳು.

"ಅದನ್ನ ಹ್ಯಾಂಗ ಕುದಸಬೇಕವಾ?" ಎಂದು ಕೇಳಿದಳು.

"ಮೊದಲ ನೀರಾಗ ನೆನಿ ಹಾಕಿ ಉಪ್ಪು ತೊಳೀರಿ ಅಕ್ಕಾರ. ಉಪ್ಪು ಅವಕ್ಕ ಆಗಿಬರಂಗಿಲ್ಲ" ಎಂದರು ಖಾದರಬೀ.

ಸಂತೆಯಿಂದ ಒಣಮೀನು ತರುವ ಪಾಳಿ ನನಗೆ ಬಂತು. ಮೆಂತ್ಯದ ಸೊಪ್ಪಿನ ಕೆಳಗೆ ಬಚ್ಚಿಟ್ಟುಕೊಂಡು ಕಳ್ಳನ ಹಾಗೆ ಬಂದೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೇ ಡಬ್ಬಿಯಲ್ಲಿ ನಾನು ಕುದಿಸಿದೆ. ಅತ್ತೆ ಮೂಗಿಗೆ ಸೆರಗು ಹಿಡಿದು ದೂರದಿಂದ ಅಪ್ಪಣೆ ಕೊಡಿಸುತ್ತಿದ್ದಳು. ತಟ್ಟೆಗೆ ಸುರಿಯುವಷ್ಟರಲ್ಲಿ "ತಡೀ ಲೇ!" ಎಂದು ಕೂಗಿದಳು. ಹತ್ತಿರ ಬಂದು ಸೆರಗಿನ ತುದಿ ನೀರಿನಲ್ಲಿ ಅದ್ದಿ, ಒಂದೊಂದೇ ಬೆಕ್ಕಿನ ಹಣೆಯನ್ನು ಮೆಲ್ಲಗೆ ಒರೆಸಿದಳು. ಗುರೆಳ್ಳಿನದು ಎಲ್ಲಕ್ಕೂ ಕೊನೆಗೆ. "ಹಾಕಿನ್ನ" ಎಂದಳು. ಗುರೆಳ್ಳು ಮಲಗಿದಲ್ಲೇ ಕತ್ತು ಚಾಚಿ ತಿಂದಳು. ಆಮೇಲೂ ಬಹಳ ವರ್ಷ ಬದುಕಿದ್ದಳು.

ಖಾದರಬೀ ಮರಳಿ ಬಂದ ಮೇಲೆ ಹಾಲಿನ ಖರ್ಚು ನಮ್ಮದು, ಮೀನಿನ ಖರ್ಚು ಅವರದು. ಅತ್ತೆ ಗೋಡೆಯ ಮೇಲೆ ಒಂದು ಹಸಿ ಅರಿವೆಯನ್ನೂ ಇಟ್ಟಿರುತ್ತಿದ್ದಳು.

ಚಪ್ಪಲಿ ಮೆಟ್ಟಿ ನಿಂತಿದ್ದೆನಲ್ಲ, ಕೊನೆಗೂ ಎದುರು ಮನೆಯ ಬಾಗಿಲು ಬಡಿದೆ. ತೆರೆದ ಹೆಣ್ಣುಮಗಳ ಹಿಂದೆ ನನ್ನ ಉಳಿದ ಮೂರು ಬೆಕ್ಕುಗಳು ತಟ್ಟೆಯ ಸುತ್ತ ಕುಳಿತಿದ್ದವು. ನನ್ನ ಗುರುತೇ ಇಲ್ಲದವರ ಹಾಗೆ ನೋಡಿದವು. ಆಕೆ ಗಾಬರಿಯಾಗಿ, "ನಿಮ್ಮವೇನ್ರಿ ಅಣ್ಣಾರ? ತಪ್ಪು ತಿಳಕೋಬ್ಯಾಡ್ರಿ, ತಾವಾಗೇ ಬಂದ್ವು..." ಎಂದು ತಡವರಿಸಿದರು.

ಜಗಳದ ಮಾತು ಗಂಟಲಲ್ಲಿ ತಯಾರಿತ್ತು. ಬಾಯಿಂದ ಬಂದದ್ದೇ ಬೇರೆ.

"ಉಪ್ಪು ತೊಳದೀರೇನ್ರಿ, ತಂಗಿ?"