ಸೀಟಿಯಲ್ಲಿ ಮುಳುಗಿದ ಮಾತು

ಭಾಗವ್ವನ ಟಗರನ್ನು ಕೊಂದದ್ದು ಬೀರಪ್ಪ ದೇವರ ಮುನಿಸಲ್ಲ, ನಾನು. ನಾನು ತಪ್ಪಾಗಿ ಕೇಳಿಸಿಕೊಂಡ ಒಂದು ಮಾತು — ಅಲ್ಲ, ಇಷ್ಟು ವರ್ಷ ಅದರ ಹಿಂದೆಯೇ ಅಡಗಿಕೊಂಡೆ — ತಪ್ಪೆಂದು ಗೊತ್ತಾದ ಮೇಲೂ ನಾನು ಬಾಯಿ ಬಿಡದೆ ಇದ್ದದ್ದು.

ಅಂದು ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಯಜಮಾನರಿಗೆ ಡಬ್ಬಿ ಕಟ್ಟಿ, ಬೇಳೆಗೆ ಕುಕ್ಕರ್ ಇಟ್ಟಿದ್ದೆ. ಗೋಡೆಯಾಚೆ ಪಕ್ಕದ ಮನೆಯ ಭಾಗವ್ವ ಕುರಿಗಳೊಂದಿಗೆ ಮಾತಾಡುತ್ತಿದ್ದಳು. ಮಳೆಗಾಲದ ಕೆಸರಿಗೆ ಕೆಲವು ಕುರಿಗಳ ಗೊರಸುಗಳು ಕೊಳೆತಿದ್ದವು. ಬೀರಪ್ಪನ ಹೆಸರಿನಲ್ಲಿ ಬಿಟ್ಟ ಟಗರೂ ಕುಂಟುತ್ತಿತ್ತು. ಅವಳ ಅಳಿಯ ಉದಗೀರದ ಅಂಗಡಿಯಿಂದ ಒಂದು ಬಿಳಿ ಪುಡಿ ತಂದುಕೊಟ್ಟಿದ್ದ — ನೀರಿನಲ್ಲಿ ಕರಗಿಸಿ ಕುರಿಗಳ ಕಾಲು ನೆನೆಸಲು. ಆ ಬೆಳಿಗ್ಗೆ ಟಬ್ಬಿನಲ್ಲಿ ಕರಗಿಸಿ ನೆನೆಸಿಯೂ ಆಗಿತ್ತು.

ಭಾಗವ್ವನಿಗೆ ಫೋನಿಲ್ಲ, ಅವಳ ಕರೆಗಳೆಲ್ಲ ನನಗೇ. ಅಂಗಡಿಯವನು ಫೋನ್ ಮಾಡಿ ಮರಾಠಿಯಲ್ಲಿ ಹೇಳಿದ್ದು ನನ್ನ ಕಿವಿಗೆ ಬಿದ್ದದ್ದು ಇಷ್ಟು: “ತ್ಯಾತ ಜಾಸ್ತ ಆಹೇ, ಉರಲೇಲಂ ಪಾಣೀ ಠೇವೂ —” ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಪುಡಿ ಜಾಸ್ತಿ ಇದೆ, ಉಳಿದ ನೀರು ಇಟ್ಟುಕೊಳ್ಳಲಿ — ಹಾಗೆ ಅರ್ಥ ಮಾಡಿಕೊಂಡೆ.

ಇನ್ನೊಮ್ಮೆ ಹೇಳಿ ಎನ್ನಬಹುದಿತ್ತು. ಆದರೆ ಕಲಬುರಗಿಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಭಾಷಣಕ್ಕೆ ಬಹುಮಾನ ಪಡೆದವಳು ನಾನು. ಮದುವೆಯಾಗಿ ಗಡಿಯಾಚೆಯ ಔರಾದ ಶಹಾಜನಿಗೆ ಬಂದ ಮೇಲೆ ನನ್ನ ಮರಾಠಿಗೆ ಕಾಯಿಪಲ್ಲೆ ಮಾರುವವರೂ ನಗುತ್ತಿದ್ದರು. ಮತ್ತೊಬ್ಬನ ನಗೆಗೆ ಈಡಾಗಲು ಮನಸ್ಸಾಗಲಿಲ್ಲ. “ಹೋ, ಹೋ” — ಹೌದು, ಹೌದು — ಎಂದು ಫೋನ್ ಇಟ್ಟೆ.

“ಭಾಗವ್ವಾ, ಮದ್ದು ಜಾಸ್ತಿ ಅದ ಅಂತ. ಉಳಿದ ನೀರು ಚೆಲ್ಲಬ್ಯಾಡ, ಇಟ್ಕೊ.”

“ಚಲೋ ಆತ್ರೀ ಅಕ್ಕೋರೆ, ನಾ ಚೆಲ್ಲಲಾಕ ನಿಂತಿದ್ದೆ.” ಅವಳು ಟಗರಿನ ಬೆನ್ನು ತಟ್ಟಿದಳು. “ಕೇಳಿದೇನಪಾ? ಓದಿದವರು ಬಾಜೂಕ ಇದ್ರ ನಿನ್ನ ಕಾಲಿಗೂ ದವಾಖಾನಿ ಮನೀಗೇ ಬರ್ತದ.”

ನೀರಿನ ಟಬ್ಬನ್ನು ಗೋಡೆಗೆ ಸರಿಸಿ ಅವಳು ಸಂತೆಗೆ ಹೋದಳು. ಕುಂಟುವ ಕುರಿಗಳು ಹಿತ್ತಲಲ್ಲೇ ಉಳಿದವು.

ಮಧ್ಯಾಹ್ನ ಅಂಗಡಿಯವನು ಮತ್ತೆ ಫೋನ್ ಮಾಡಿದ. ಈಗ ಕುಕ್ಕರ್ ಇರಲಿಲ್ಲ. ಪ್ರತಿ ಅಕ್ಷರವೂ ಕೇಳಿಸಿತು. ಅವನು ಅಂದದ್ದು ಜಾಸ್ತ ಅಲ್ಲ, ಜಸ್ತ — ತಗಡಿನ ಬಕೀಟಿಗೆ ಬಳಿಯುವ ಸತು. ಸೀಟಿಯಲ್ಲಿ ಮುಳುಗಿದ ಕೊನೆಯ ಮಾತು ‘ನಕಾ’. ಇಡಬೇಡಿ. ಕುರಿ ಕುಡಿದರೆ ಕರುಳು ಸುಡುತ್ತದೆ.

“ಪಾಣೀ ಫೇಕಲಂ ನಾ?” — ನೀರು ಚೆಲ್ಲಿದಿರಿ ತಾನೆ?

“ಹೋ,” ಎಂದೆ. ಚೆಲ್ಲಿದೆವು ಎಂದೆ.

ಆಮೇಲೆ ಗೋಡೆಯಾಚೆ ಇಣುಕಿದೆ. ಟಬ್ಬು ಅರ್ಧಕ್ಕಿಂತ ಕೆಳಗಿಳಿದಿತ್ತು. ಟಗರಿನ ಗದ್ದದಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಅದು ನಿಂತಿತ್ತು — ಚೆನ್ನಾಗಿಯೇ ನಿಂತಿತ್ತು. ಫೋನ್ ನನ್ನ ಕೈಯಲ್ಲೇ ಇತ್ತು, ದನದ ಡಾಕ್ಟರು ಬಸ್ ಸ್ಟ್ಯಾಂಡಿನ ಹಿಂದೆಯೇ ಇದ್ದರು. ನಾನು ಮಾಡಿದ್ದೇನು? ಅವಳ ಹಿತ್ತಲಿಗೆ ಹೋಗಿ ಉಳಿದ ನೀರನ್ನು ದಾಸವಾಳದ ಬುಡಕ್ಕೆ ಸುರಿದೆ. ಎರೆಹುಳುಗಳು ಮೇಲೆ ಬಂದು, ಹೊರಳಿ, ಬಿಳಿಚಿಕೊಂಡು ಸುಮ್ಮನಾದವು. ಕಾಲಿನಿಂದ ಮಣ್ಣೆಳೆದು ಅವನ್ನೂ ಮುಚ್ಚಿದೆ.

ಸಂಜೆಗೆ ಭೇದಿ ಹತ್ತಿ ಟಗರು ನೆಲ ಹಿಡಿಯಿತು, ಮತ್ತೆ ಏಳಲಿಲ್ಲ. ಗಬ್ಬದ ಕುರಿಯೊಂದು ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಕೆಲವು ದಿನಗಳಲ್ಲಿ ದಾಸವಾಳದ ಎಲೆಗಳು ನರಗಳಲ್ಲಿ ಮಾತ್ರ ಹಸಿರು ಉಳಿಸಿಕೊಂಡು ಹಳದಿಯಾದವು. ಡಾಕ್ಟರು ಬಂದಿದ್ದರೆ ಟಗರು, ಕಂದು ಉಳಿಯುತ್ತಿದ್ದವೋ ಇಲ್ಲವೋ — ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದ್ದೆ.

ದೇವರ ಟಗರಿಗೆ ಅಂಗಡಿಯ ಮದ್ದು ಮುಟ್ಟಿಸಿದ್ದೇ ತನ್ನ ತಪ್ಪೆಂದು ಭಾಗವ್ವ ನಂಬಿದಳು. ಅಂದಿನಿಂದ ಅವಳ ಕುರಿಗಳಿಗೆ ಬೀರಪ್ಪನ ಭಂಡಾರ — ಗುಡಿಯ ಅರಿಶಿನ — ಒಂದೇ ಮದ್ದು. ಪ್ರತಿ ಮಳೆಗಾಲದಲ್ಲೂ ಅವು ಕುಂಟುತ್ತವೆ. ಕೆಲವು ಹೋಗುತ್ತವೆ. ಅವಳು ಕೊಳೆತ ಗೊರಸಿಗೆ ಅರಿಶಿನ ಹಚ್ಚಿ ಹಣೆ ಮುಟ್ಟಿಕೊಳ್ಳುವುದನ್ನು ನಾನು ಕಿಟಕಿಯಿಂದ ನೋಡುತ್ತೇನೆ.

ಮೊನ್ನೆ ಅವಳ ಮೊಮ್ಮಗಳಿಗೆ ಭೇದಿಯಾಗಿತ್ತು. ನರ್ಸಬಾಯಿ ಕೊಟ್ಟ ಗುಳಿಗೆ ಹಿಡಿದು ನನ್ನ ಬಳಿ ಬಂದಳು.

“ಓದಿ ಹೇಳ್ರೀ ಅಕ್ಕೋರೆ. ಮದ್ದಂದ್ರ ನನಗ ಅಂಜಿಕಿ. ನೀವು ಕೊಡು ಅಂದ್ರ ಕೊಡ್ತೀನಿ.”

ಹಾಳೆಯ ಮೇಲೆ ಜಿಂಕ್ ಎಂದಿತ್ತು. ಅದೇ ಸತು. ಅಳತೆಯಲ್ಲಿದ್ದರೆ ಮಗುವಿನ ಭೇದಿ ನಿಲ್ಲಿಸುವಂಥದ್ದು — ಕೊಡು ಎಂದೆ. ಅಷ್ಟನ್ನೇ ಎಂದೆ. ಮಗು ಗುಣವಾಯಿತು. ಭಾಗವ್ವ ನನ್ನ ಎರಡೂ ಕೈ ಹಿಡಿದುಕೊಂಡಳು.

ನಾಳೆ ಅವಳ ಮನೆಗೆ ಹೋಗಿ ಹೇಳುತ್ತೇನೆ. ಇನ್ನು ಮುಂದೆ ಅವಳು ನನ್ನನ್ನು ನಂಬದಿದ್ದರೂ ಸರಿ, ಮದ್ದನ್ನು ನಂಬಲಿ.

ಟಗರು ನೆಲ ಹಿಡಿದ ಸಂಜೆಯೇ ಹೇಳಬಹುದಿತ್ತು. ಟಗರಿಗೆ ಇನ್ನೂ ಉಸಿರಿತ್ತು. ಗೋಡೆಯಾಚೆ ಭಾಗವ್ವ ಸೆರಗಿನಿಂದ ಅದಕ್ಕೆ ಗಾಳಿ ಹಾಕುತ್ತಿದ್ದಳು. ನಾನು ಎದ್ದು ನಿಂತಿದ್ದೆ, ಬಾಯಿಯನ್ನೂ ತೆರೆದಿದ್ದೆ. ಎದುರುಮನೆಯ ಜಂಗಮ ಸ್ವಾಮಿಗಳ ಹೆಂಡತಿ ಗಂಗಮ್ಮ ನಮ್ಮ ಕಟ್ಟೆಯ ಮೇಲೆ ಮೆಂತ್ಯ ಬಿಡಿಸುತ್ತ ಕುಳಿತವರು, ತಲೆಯೆತ್ತದೆ, ಗೋಡೆಯಾಚೆಗೂ ಕೇಳುವಂತೆ ಅಂದರು:

“ದೇವರ ಟಗರಿಗೆ ಅಂಗಡಿ ಮದ್ದು ಹಾಕ್ಯಾಳ, ಬೀರಪ್ಪ ಸುಮ್ಮ ಬಿಡ್ತಾನೇನ್ರೀ? ಅದಿರ್ಲಿ, ಈ ಮೆಂತ್ಯ ನಮಗ ಹೆಚ್ಚಾತು. ಒಂದು ಹಿಡಿ ಕೊಡ್ಲೇನು?”

ತೆರೆದ ಬಾಯಿಂದ “ಕೊಡ್ರೀ” ಎಂದಷ್ಟೇ ಹೇಳಿದೆ.